ಕಾಳು ಹಾಕುವ ಮೊದಲು ಗಾಜು ನೋಡಿ

ಪ್ರಶ್ನೆ: ನಾವು ಉತ್ತರ ಬೆಂಗಳೂರಿನಲ್ಲಿ ಕೆರೆಯೊಂದರ ಪಕ್ಕದ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಆವರಣಕ್ಕೆ ಹಕ್ಕಿಗಳು ಬರುವಂತಾಗಲಿ ಎಂದು ಅಸೋಸಿಯೇಷನ್ ಈ ವರ್ಷ ಎರಡು ಲಕ್ಷ ರೂಪಾಯಿ ತೆಗೆದಿಟ್ಟಿದೆ. ನಲವತ್ತು ಗೂಡುಪೆಟ್ಟಿಗೆ, ಕಾಳಿನ ತಟ್ಟೆ, ನೀರಿನ ಬಟ್ಟಲು ತರಿಸುವ ಯೋಚನೆ. ಇತ್ತ ಕೆಲವರು ಪಾರಿವಾಳದ ಕಾಟಕ್ಕೆ ಇಡೀ ಕಟ್ಟಡಕ್ಕೇ ಬಲೆ ಹಾಕಿಸಿ ಎನ್ನುತ್ತಿದ್ದಾರೆ. ಲಿಫ್ಟ್ ರೂಮಿನ ಪಕ್ಕ ಒಂದು ಜೋಡಿ ಗೂಬೆ ಸೇರಿಕೊಂಡಿದೆ, ಅದನ್ನು ಓಡಿಸಿ ಎಂಬ ಒತ್ತಾಯವೂ ಇದೆ. ಎಲ್ಲಿಂದ ಶುರುಮಾಡಬೇಕು?

ಉತ್ತರ: ಪೆಟ್ಟಿಗೆಗಳಿಗೆ ಇನ್ನೂ ಆರ್ಡರ್ ಕೊಟ್ಟಿಲ್ಲ ಅಂದುಕೊಳ್ಳುತ್ತೇನೆ. ಕೊಡಬೇಡಿ. ಪಟ್ಟಣದ ಹಕ್ಕಿಗಳಿಗೆ ನಾವು ಹೊಸದಾಗಿ ಕೊಡಬೇಕಾದ್ದು ತೀರ ಕಡಿಮೆ. ಅವುಗಳ ದಾರಿಗೆ ನಾವೇ ಅಡ್ಡ ಇಟ್ಟಿರುವುದನ್ನು ತೆಗೆಯುವುದೇ ಹೆಚ್ಚಿನ ಕೆಲಸ. ನಿಮ್ಮ ಎರಡು ಲಕ್ಷದಲ್ಲಿ ಬಹುಪಾಲು ಗಾಜಿಗೆ ಹೋಗಲಿ. ಇದು ಕೇಳಲು ಸಪ್ಪೆ ಎನಿಸಬಹುದು, ಉದ್ಘಾಟನೆಯ ಫೋಟೋಕ್ಕೂ ಚೆನ್ನಾಗಿ ಕಾಣುವುದಿಲ್ಲ. ಆದರೆ ಗಾಜಿಗೆ ಬಡಿದು ಹಕ್ಕಿಗಳು ಸಾಯುವ ಜಾಗಕ್ಕೇ ಕಾಳು ಚೆಲ್ಲಿ ಇನ್ನಷ್ಟು ಹಕ್ಕಿಗಳನ್ನು ಕರೆಯುವುದು ಸರಿಯಲ್ಲ.

‘ನಮ್ಮಲ್ಲಿ ಹಕ್ಕಿಗಳು ಗಾಜಿಗೆ ಬಡಿದು ಸತ್ತದ್ದನ್ನು ಯಾರೂ ನೋಡಿಲ್ಲವಲ್ಲ’ ಎಂದು ಸಭೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ನಿಮ್ಮ ಹೌಸ್‌ಕೀಪಿಂಗ್‌ನವರನ್ನು ಕೇಳಿ. ಬೆಳಗಿನ ಜಾವ ಬಿದ್ದ ಹಕ್ಕಿಯನ್ನು ಅವರು ಏಳು ಗಂಟೆಯೊಳಗೆ ಗುಡಿಸಿಬಿಟ್ಟಿರುತ್ತಾರೆ. ಅವರ ಕಣ್ಣು ತಪ್ಪಿದ್ದನ್ನು ಕಾಗೆಯೋ ಬೆಕ್ಕೋ ಎತ್ತಿಕೊಂಡು ಹೋಗುತ್ತದೆ. ವಾಕಿಂಗ್ ಮಾಡುವವರಿಗೆ ನೆಲ ಸ್ವಚ್ಛವಾಗಿಯೇ ಕಾಣುತ್ತದೆ. ಗುರುತು ಬೇಕಾದರೆ ಗಾಜನ್ನೇ ನೋಡಿ. ಬೆಳಗಿನ ಓರೆ ಬಿಸಿಲಿನಲ್ಲಿ ಗಾಜಿನ ಪಕ್ಕಕ್ಕೆ ನಿಂತು ಮೇಲಿನಿಂದ ಕೆಳಗೆ ಕಣ್ಣಾಡಿಸಿದರೆ, ಕೆಲವೊಮ್ಮೆ ರೆಕ್ಕೆ ಬಿಚ್ಚಿದ ಹಕ್ಕಿಯ ಬೂದು ಅಚ್ಚು ಕಾಣುತ್ತದೆ: ಎದೆ, ಎರಡು ರೆಕ್ಕೆ, ಒಮ್ಮೊಮ್ಮೆ ಒಂದೊಂದು ಗರಿಯ ಗೆರೆ ಕೂಡ. ಪಾರಿವಾಳ, ಬೆಳವಗಳ ಪುಕ್ಕದಲ್ಲಿ ಸಣ್ಣ ಪುಡಿ ಇರುತ್ತದೆ, ಬಡಿದ ರಭಸಕ್ಕೆ ಅದು ಗಾಜಿಗೆ ಅಂಟಿಕೊಳ್ಳುತ್ತದೆ. ಸೂರಕ್ಕಿ, ಸಿಂಪಿಗದಂಥ ಪುಟ್ಟ ಹಕ್ಕಿಗಳು ಆ ಅಚ್ಚನ್ನೂ ಉಳಿಸುವುದಿಲ್ಲ.

ಗಾಜು ಎಂಬ ವಸ್ತು ಹಕ್ಕಿಯ ತಿಳಿವಳಿಕೆಯಲ್ಲಿಯೇ ಇಲ್ಲ. ಅದರಲ್ಲಿ ಆಕಾಶ ಕಂಡರೆ ಅದು ಆಕಾಶ, ಹೊಂಗೆ ಮರ ಕಂಡರೆ ಹೊಂಗೆ ಮರ. ನಿಮ್ಮ ಕ್ಲಬ್‌ಹೌಸಿನ ಎದುರು ಕೆರೆ, ಅಕ್ಕಪಕ್ಕ ಗಿಡಮರ ಇದ್ದರೆ ಆ ಗಾಜಿಗೆ ಇದಕ್ಕಿಂತ ಅಪಾಯದ ಜಾಗ ಇನ್ನೊಂದಿಲ್ಲ. ಎರಡು ಗಾಜು ಕೂಡುವ ಮೂಲೆಗಳು, ಒಳಗೆ ಕುಂಡ ಜೋಡಿಸಿಟ್ಟ ಲಾಬಿ, ಈಗ ಎಲ್ಲೆಲ್ಲೂ ಹಾಕಿಸುವ ಬಾಲ್ಕನಿಯ ಗಾಜಿನ ಕಟಾಂಜನ, ಇವನ್ನೂ ಪಟ್ಟಿಗೆ ಸೇರಿಸಿಕೊಳ್ಳಿ. ಅಮೆರಿಕದಲ್ಲಿ ವರ್ಷಕ್ಕೆ 36 ಕೋಟಿಗೂ ಹೆಚ್ಚು, ಪ್ರಾಯಶಃ 98 ಕೋಟಿಯವರೆಗೂ ಹಕ್ಕಿಗಳು ಕಟ್ಟಡಗಳಿಗೆ ಬಡಿದು ಸಾಯುತ್ತವೆ ಎಂದು 2014ರಲ್ಲಿ ಅಂದಾಜು ಮಾಡಿದ್ದಾರೆ. ಅದರಲ್ಲಿ ಗಗನಚುಂಬಿಗಳ ಪಾಲು ಅಲ್ಪ. ಬಹುಪಾಲು ಸಾವು ಮನೆಗಳಿಂದ, ಹನ್ನೊಂದು ಅಂತಸ್ತಿನೊಳಗಿನ ಕಟ್ಟಡಗಳಿಂದ. ಹಾಗಾಗಿ ನೀವು ಹದಿನೆಂಟನೇ ಮಹಡಿಯ ಚಿಂತೆ ಬಿಡಿ. ಮರದ ತುದಿಯ ಎತ್ತರದವರೆಗಿನ ಗಾಜು ಸರಿಪಡಿಸಿದರೆ ಕೆಲಸದ ಬಹುಭಾಗ ಮುಗಿದಂತೆ.

ನಿಮ್ಮಂತೆಯೇ ನೀರಿನ ದಂಡೆಯಲ್ಲಿರುವ ಕಟ್ಟಡವೊಂದರ ಕತೆ ಹೇಳುತ್ತೇನೆ. ಷಿಕಾಗೋದಲ್ಲಿ ಮಿಷಿಗನ್ ಸರೋವರದ ಪಕ್ಕದಲ್ಲೇ ಮೆಕಾರ್ಮಿಕ್ ಪ್ಲೇಸ್ ಎಂಬ ದೊಡ್ಡ ಸಮಾವೇಶ ಕೇಂದ್ರವಿದೆ. 2023ರ ಅಕ್ಟೋಬರ್ 5ರ ಬೆಳಿಗ್ಗೆ ಅಲ್ಲಿನ ಒಂದೇ ಕಟ್ಟಡದ ಬುಡದಲ್ಲಿ ಹತ್ತಿರ ಹತ್ತಿರ ಸಾವಿರ ವಲಸೆ ಹಕ್ಕಿಗಳು ಸತ್ತು ಬಿದ್ದಿದ್ದವು. ಮರುವರ್ಷ ಗಾಜಿನ ಹೊರಮೈಗೆ ಪುಟ್ಟ ಪುಟ್ಟ ಚುಕ್ಕಿಗಳ ಫಿಲ್ಮ್ ಅಂಟಿಸಿದರು. ಆ ಶರತ್ಕಾಲದಲ್ಲಿ ಸಾವು ಶೇ. 95ರಷ್ಟು ಇಳಿಯಿತು. ಕಟ್ಟಡ ಒಡೆಯಲಿಲ್ಲ, ಗಾಜು ಬದಲಿಸಲಿಲ್ಲ. ಬರೀ ಚುಕ್ಕಿ.

ಚುಕ್ಕಿಯ ಲೆಕ್ಕ ಇಷ್ಟು: ಅಡ್ಡಕ್ಕೂ ಉದ್ದಕ್ಕೂ ಎರಡೆರಡು ಇಂಚಿಗೆ ಒಂದು, ಇಡೀ ಗಾಜಿನ ತುಂಬ, ಗಾಜಿನ ಹೊರಮೈಗೆ. ಒಳಗಡೆ ಅಂಟಿಸಿದರೆ ಪ್ರತಿಬಿಂಬದ ಅಡಿಯಲ್ಲಿ ಚುಕ್ಕಿ ಮುಚ್ಚಿಹೋಗುತ್ತದೆ. ಅಂಗಡಿಯಲ್ಲಿ ಸಿಗುವ ಗಿಡುಗದ ಆಕಾರದ ಕಪ್ಪು ಸ್ಟಿಕ್ಕರನ್ನು ಕಿಟಕಿಗೊಂದರಂತೆ ಹಚ್ಚಿ ಕೈತೊಳೆದುಕೊಳ್ಳುವವರಿದ್ದಾರೆ. ಅದರಿಂದ ಏನೂ ಆಗುವುದಿಲ್ಲ. ಹಕ್ಕಿ ಆ ಗಿಡುಗವನ್ನು ಬಳಸಿಕೊಂಡು ಪಕ್ಕದ ಖಾಲಿ ಗಾಜಿಗೆ ಬಡಿಯುತ್ತದೆ. ಫಿಲ್ಮ್ ದುಬಾರಿ ಎನಿಸಿದ ಕಡೆ ಗಾಜಿನ ಮುಂದೆ ನಾಲ್ಕು ಇಂಚಿಗೊಂದರಂತೆ ದಪ್ಪ ಹಗ್ಗದ ಎಳೆಗಳನ್ನು ಮೇಲಿನಿಂದ ಇಳಿಬಿಡಿ. ಬಾಲ್ಕನಿಯ ಗಾಜಿಗೆ ಬಿಳಿ ಪೇಂಟ್ ಪೆನ್ನಿನಲ್ಲಿ ಮಕ್ಕಳೇ ಚುಕ್ಕಿ ಇಡಬಹುದು. ಹೇಗೂ ರಂಗೋಲಿಯ ಚುಕ್ಕಿ ಇಟ್ಟು ಅಭ್ಯಾಸವಿರುವ ಊರು ನಮ್ಮದು.

ಇದಕ್ಕೆ ಜೊತೆಯಾಗಿ ದೀಪದ ಮಾತು. ವಲಸೆ ಹಕ್ಕಿಗಳಲ್ಲಿ ಹೆಚ್ಚಿನವು ರಾತ್ರಿ ಹಾರುತ್ತವೆ. ನಮ್ಮ ನವರಂಗವನ್ನೇ ನೋಡಿ. ಹಿಮಾಲಯದ ತಪ್ಪಲು, ಮಧ್ಯ ಭಾರತದ ಕಾಡುಗಳಲ್ಲಿ ಮರಿ ಮಾಡಿ, ಮಳೆಗಾಲ ಮುಗಿಯುತ್ತಲೇ ದಕ್ಷಿಣಕ್ಕೆ, ಶ್ರೀಲಂಕಾದವರೆಗೂ ಹೋಗುತ್ತದೆ. ಅಕ್ಟೋಬರ್ ಆಸುಪಾಸು ಬೆಂಗಳೂರಿನ ಮೇಲೆ ಹಾಯುವಾಗ ದೀಪದ ಬೆಳಕಿಗೆ ದಿಕ್ಕುಗೆಟ್ಟು, ಸುಸ್ತಾಗಿ, ಯಾರದೋ ಪಡಸಾಲೆಯಲ್ಲೋ ಪಾರ್ಕಿಂಗಿನಲ್ಲೋ ಸಿಕ್ಕಿಬೀಳುತ್ತದೆ. ಹಸಿರು, ನೀಲಿ, ಕೆಂಪು ಎಲ್ಲ ಬಳಿದುಕೊಂಡ ಈ ಹಕ್ಕಿ ಎಲ್ಲಿಂದ ಬಂತು ಎಂದು ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ಫೋಟೋ ಓಡಾಡುವುದು ಆಗಲೇ. ಸೆಪ್ಟೆಂಬರಿನಿಂದ ನವೆಂಬರ್, ಮಾರ್ಚಿನಿಂದ ಮೇ, ಈ ತಿಂಗಳುಗಳಲ್ಲಿ ರಾತ್ರಿ ಹತ್ತರ ಮೇಲೆ ಕಟ್ಟಡಕ್ಕೆ ಕೆಳಗಿನಿಂದ ಬಿಡುವ ಅಲಂಕಾರದ ದೀಪ, ಖಾಲಿ ಕ್ಲಬ್‌ಹೌಸಿನ ದೀಪ ಆರಿಸಿ. ಕರೆಂಟ್ ಬಿಲ್ಲಿನಲ್ಲಿ ಉಳಿದದ್ದು ಅಸೋಸಿಯೇಷನ್ನಿಗೇ.

ಇನ್ನು ಪಾರಿವಾಳ. ನಿಮ್ಮಲ್ಲಿ ಕಾಳು ಹಾಕುವವರೂ ಬಲೆ ಕೇಳುವವರೂ ಅಕ್ಕಪಕ್ಕದ ಮನೆಯವರೇ ಇರುತ್ತಾರೆ, ಅದು ನನಗೆ ಗೊತ್ತು. ಕಾಳು ನಿಲ್ಲದೆ ಪಾರಿವಾಳದ ಗಲಾಟೆ ನಿಲ್ಲುವುದಿಲ್ಲ. ಹೊಟ್ಟೆಗೆ ಕೊರತೆಯಿಲ್ಲದಿದ್ದರೆ ಅವು ವರ್ಷವಿಡೀ ಮೊಟ್ಟೆಯಿಡುತ್ತವೆ. ಅವುಗಳ ಒಣಗಿದ ಹಿಕ್ಕೆಯ ಧೂಳಿನಿಂದ ಕೆಲವರಿಗೆ ಶ್ವಾಸಕೋಶದ ಅಲರ್ಜಿ ಕಾಯಿಲೆ ಬರುತ್ತದೆ, ಬಿಟ್ಟರೆ ಶ್ವಾಸಕೋಶ ಗಟ್ಟಿಯಾಗುವ ಮಟ್ಟಕ್ಕೂ ಹೋಗುತ್ತದೆ. ಮುಂಬಯಿಯಲ್ಲಿ 2025ರಲ್ಲಿ, ಪಾರಿವಾಳಗಳಿಗೆ ಕಾಳು ಹಾಕುವ ಕಟ್ಟೆಗಳಾದ ಕಬೂತರ್‌ಖಾನೆಗಳನ್ನು ಮುಚ್ಚುವ ವಿಷಯ ಹೈಕೋರ್ಟಿನವರೆಗೂ ಹೋಗಿದ್ದು ಇದೇ ಕಾರಣಕ್ಕೆ. ಹಕ್ಕಿಪ್ರೇಮಿಯಾಗಿಯೇ ಹೇಳುತ್ತೇನೆ: ಪಾರಿವಾಳಕ್ಕೆ ಮೂಟೆಗಟ್ಟಲೆ ಜೋಳ ಸುರಿಯುವುದು ಹಕ್ಕಿಗಳ ಸೇವೆಯಲ್ಲ. ಪುಣ್ಯದ ಭಾವನೆಯಿಂದ ಹಾಕುವ ಹಿರಿಯರಿಗೆ ಇದನ್ನು ನೋಟಿಸ್ ಬೋರ್ಡಿನಲ್ಲಿ ಹೇಳಬೇಡಿ, ಮನೆಗೆ ಹೋಗಿ ಕೂತು ಹೇಳಿ. ದಿನಾ ಬೆಳಿಗ್ಗೆ ನೀರಿನ ಬಟ್ಟಲು ತೊಳೆದು ತುಂಬಿಸುವ ಕೆಲಸವನ್ನು ಅವರಿಗೇ ಒಪ್ಪಿಸಿದರೆ ಎಷ್ಟೋ ಕಡೆ ಜಗಳ ಅಲ್ಲಿಗೇ ಮುಗಿದಿದೆ.

ಇಡೀ ಕಟ್ಟಡಕ್ಕೆ ಬಲೆ ಬೇಡ. ಬಲೆ ಹಾಕಿಸಿದ ವರ್ಷ ಚೆನ್ನಾಗಿಯೇ ಇರುತ್ತದೆ. ಎರಡನೇ ಬೇಸಿಗೆಗೆ ನೈಲಾನ್ ಜೋತುಬಿದ್ದು ಮೂಲೆಯಲ್ಲಿ ಹರಿಯುತ್ತದೆ. ಆ ಕಂಡಿಯಿಂದ ನುಗ್ಗಿದ ಗೊರವಂಕವೋ ಹಾಲಕ್ಕಿಯೋ ಹೊರಗೆ ಬರಲಾರದೆ, ಬಾಗಿಲು ತೆರೆಯದ ಫ್ಲ್ಯಾಟಿನ ಬಾಲ್ಕನಿಯಲ್ಲಿ ನೀರಿಲ್ಲದೆ ಸಾಯುತ್ತದೆ. ಕಾಟ ನಿಜವಾಗಿಯೂ ಇರುವ ಬಾಲ್ಕನಿಗಳಿಗೆ ಮಾತ್ರ ಬಿಗಿಯಾಗಿ ಎಳೆದು ಕಟ್ಟಿಸಿ, ವರ್ಷಕ್ಕೊಮ್ಮೆ ನೋಡಿಸಿ, ಹರಿದದ್ದನ್ನು ಪೂರ್ತಿ ಬಿಚ್ಚಿಸಿ. ಏಸಿ ಇಡುವ ಸಜ್ಜದ ಮೇಲೆ ತಗಡನ್ನು ಇಳಿಜಾರಾಗಿ ಕೂರಿಸಿದರೆ ಪಾರಿವಾಳಕ್ಕೆ ಕಡ್ಡಿ ಜೋಡಿಸಲು ಸಮತಟ್ಟು ಜಾಗ ಸಿಗುವುದಿಲ್ಲ. ಬಲೆಗಿಂತ ಅಗ್ಗ, ಹರಿಯುವ ಚಿಂತೆಯಿಲ್ಲ.

ನೀವು ಕೇಳದೆ ಬಿಟ್ಟ ಒಂದು ಸಂಗತಿ ಗಾಳಿಪಟದ ದಾರ. ಆಷಾಢದ ಗಾಳಿ ಎದ್ದರೆ ನಮ್ಮಲ್ಲಿ ಪಟ ಏಳುತ್ತದೆ, ಅದರ ಹಿಂದೆಯೇ ರೆಕ್ಕೆ ಸೀಳಿದ ಹದ್ದುಗಳು ಆಸ್ಪತ್ರೆ ಸೇರುತ್ತವೆ. ನೈಲಾನ್ ಮತ್ತಿತರ ಸಿಂಥೆಟಿಕ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದಾದ್ಯಂತ ನಿಷೇಧಿಸಿದೆ. ಆದರೂ ‘ಚೈನೀಸ್ ಮಾಂಜಾ’ ಎಂದು ಕೇಳಿದವರಿಗೆ ಸಿಗುತ್ತಲೇ ಇದೆ. ಹತ್ತಿ ದಾರವಾದರೂ ಗಾಜಿನ ಪುಡಿ ಸವರಿದ್ದರೆ ಅದೂ ಕತ್ತಿಯೇ. ರೆಕ್ಕೆಯ ಸ್ನಾಯುರಜ್ಜು ತುಂಡಾದ ಹದ್ದು ಮತ್ತೆ ಹಾರುವುದು ಅಪರೂಪ. ನಿಮ್ಮ ಮಕ್ಕಳು ಬರೀ ಹತ್ತಿ ದಾರದಲ್ಲಿ ಪಟ ಹಾರಿಸಲಿ. ಇನ್ನೊಂದು ಕೆಲಸ, ಇದನ್ನು ಹೆಚ್ಚಿನವರು ಮರೆಯುತ್ತಾರೆ: ಪಟದ ದಿನಗಳು ಮುಗಿದ ಮೇಲೆ ಮರಗಳಲ್ಲಿ, ಟೆರೇಸಿನ ಟ್ಯಾಂಕಿನ ಸುತ್ತ ಸಿಕ್ಕಿಕೊಂಡ ದಾರ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಮಾವಿನಕಾಯಿ ಕೀಳುವ ದೋಟಿ ಹಿಡಿದು ಒಂದು ಭಾನುವಾರ ಎಲ್ಲರೂ ಸೇರಿ ಅದನ್ನು ಎಳೆದು ತೆಗೆಯಿರಿ. ವಿದ್ಯುತ್ ತಂತಿಗೆ ಸುತ್ತಿಕೊಂಡದ್ದನ್ನು ಮಾತ್ರ ಮುಟ್ಟಬೇಡಿ, ಬೆಸ್ಕಾಂಗೆ ಹೇಳಿ.

ಮರಗಳ ವಿಷಯಕ್ಕೆ ಬರೋಣ. ಹೊಸ ಸಸಿ ನೆಡುವ ಉತ್ಸಾಹ ಎಲ್ಲರಿಗೂ ಇರುತ್ತದೆ. ಇರುವ ಮರದ ಒಣಕೊಂಬೆಯನ್ನು ಹಾಗೇ ಬಿಡುವ ತಾಳ್ಮೆ ಸಿಗುವುದು ಕಷ್ಟ. ಬೆಂಗಳೂರಿನ ಯಾವ ಹಳೆಯ ಬಡಾವಣೆಯಲ್ಲಾದರೂ ಬೇಸಿಗೆಯ ಬೆಳಿಗ್ಗೆ ‘ಕುಟ್ರು ಕುಟ್ರು’ ಎಂದು ಒಂದೇ ಸಮನೆ ಕೂಗುವ ಹಸಿರು ಹಕ್ಕಿಯೇ ಕುಟ್ರು ಹಕ್ಕಿ. ಇದಕ್ಕೆ ಗೂಡು ಕಟ್ಟಲು ಬರುವುದಿಲ್ಲ, ಕೊರೆಯಲು ಬರುತ್ತದೆ. ಅದಕ್ಕೆ ಬೇಕಾದ್ದು ಸತ್ತ, ಮೆತ್ತಗಾದ ಕೊಂಬೆ. ಓರೆಯಾಗಿ ಚಾಚಿದ ಕೊಂಬೆಯಾದರೆ ಅದರ ಕೆಳಮೈಯಲ್ಲಿ, ಮಳೆನೀರು ಒಳಗಿಳಿಯದಂತೆ, ಎರಡು ಇಂಚಿನಷ್ಟು ಅಗಲದ ಅಚ್ಚುಕಟ್ಟು ದುಂಡು ಬಾಯಿ ಕೊರೆಯುತ್ತದೆ. ಗಂಡೂ ಹೆಣ್ಣೂ ಸರದಿಯ ಮೇಲೆ ಕುಕ್ಕುತ್ತವೆ. ಬುಡದಲ್ಲಿ ನಿಂತರೆ ಮರದ ಹೊಟ್ಟು ತಲೆಯ ಮೇಲೆ ಉದುರುತ್ತಿರುತ್ತದೆ. ಅವು ಬಿಟ್ಟುಹೋದ ಪೊಟರೆಗೆ ಮುಂದೆ ಮಡಿವಾಳ ಹಕ್ಕಿಯೋ ಗೊರವಂಕವೋ ಬರುತ್ತದೆ, ಬಾಯಿ ಅಗಲವಾದರೆ ಗಿಳಿ ಬರುತ್ತದೆ. ಒಂದು ಒಣಕೊಂಬೆ ಹೀಗೆ ನಾಲ್ಕಾರು ವರ್ಷ ಬಾಡಿಗೆದಾರರನ್ನು ಬದಲಿಸುತ್ತ ಇರುತ್ತದೆ. ನಿಮ್ಮ ನಲವತ್ತು ಪೆಟ್ಟಿಗೆಗಳಿಗಿಂತ ಇಂಥ ಐದು ಕೊಂಬೆ ಮೇಲು.

ನಮ್ಮಲ್ಲಿ ಕೊಂಬೆ ಕಡಿಯುವುದು ಯಾವಾಗ? ಮಳೆಗಾಲಕ್ಕೆ ಮುಂಚೆ, ಏಪ್ರಿಲ್ ಮೇ ತಿಂಗಳಲ್ಲಿ. ಹಕ್ಕಿಗಳು ಮರಿ ಮಾಡುವುದೂ ಆಗಲೇ. ಓಡಾಡುವ ದಾರಿಯ ಮೇಲೆ, ಕಾರಿನ ಮೇಲೆ, ತಂತಿಯ ಮೇಲೆ ಚಾಚಿದ ಅಪಾಯದ ಕೊಂಬೆ ತೆಗೆಯಲೇಬೇಕು, ಅದರಲ್ಲಿ ಮಾತಿಲ್ಲ. ಉಳಿದದ್ದನ್ನು ಮಳೆ ನಿಂತ ಮೇಲೆ, ನವೆಂಬರ್ ಡಿಸೆಂಬರಿಗೆ ಇಟ್ಟುಕೊಳ್ಳಿ. ಹತ್ತುವ ಮೊದಲು ಅರ್ಧ ಗಂಟೆ ಕೆಳಗೆ ನಿಂತು, ಹಕ್ಕಿಗಳು ಬಾಯಲ್ಲಿ ಹುಳ ಹಿಡಿದು ಒಂದೇ ಜಾಗಕ್ಕೆ ಹೋಗಿಬರುತ್ತಿವೆಯೇ ನೋಡಿ. ಕಾಯ್ದೆಯ ಮಾತೂ ಗೊತ್ತಿರಲಿ: ಕರ್ನಾಟಕದ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು, ಮರ ನಿಮ್ಮದೇ ಕಾಂಪೌಂಡಿನೊಳಗಿದ್ದರೂ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಕ್ಕಿಗಳ ಗೂಡು, ಮೊಟ್ಟೆಗಳನ್ನು ಹಾಳುಗೆಡಹುವುದೂ ‘ಬೇಟೆ’ಯ ವ್ಯಾಖ್ಯೆಯೊಳಗೇ ಬರುತ್ತದೆ. ಗುತ್ತಿಗೆದಾರನಿಗೆ ಇದನ್ನು ಮೊದಲೇ ಹೇಳಿಡಿ.

ಹೊಸದಾಗಿ ಏನು ನೆಡಬೇಕು ಎಂದರೆ, ಜಾಗವಿದ್ದರೆ ಒಂದು ಅತ್ತಿಯೋ ಬಸರಿಯೋ ನೆಡಿ. ಒಂದೇ ಜಾತಿಯ ಅತ್ತಿ, ಆಲ, ಬಸರಿ ಮರಗಳೂ ಒಟ್ಟಿಗೇ ಹಣ್ಣು ಬಿಡುವುದಿಲ್ಲ, ಒಂದು ಮುಗಿಸುವ ಹೊತ್ತಿಗೆ ಇನ್ನೊಂದು ಶುರುವಾಗಿರುತ್ತದೆ. ಬೇರೆ ಹಣ್ಣು ಸಿಗದ ತಿಂಗಳುಗಳಲ್ಲಿ ಹಕ್ಕಿಗಳಿಗೆ ಇವೇ ಆಸರೆ. ಬೇರು ಬಲವಾದದ್ದು, ನೀರಿನ ಸಂಪಿಗೂ ಗೋಡೆಗೂ ದೂರವಿರಲಿ. ಸಂಪಿಗೆಯನ್ನು ನಾವು ಹೂವಿಗೆ ಬೆಳೆಸುತ್ತೇವೆ, ಪಿಕಳಾರ ಮತ್ತು ಕುಟ್ರು ಹಕ್ಕಿಗಳಿಗೆ ಅದರ ಕಾಯಿ ಬಿರಿದಾಗ ಕಾಣುವ ಕೆಂಪು ಬೀಜದ ಮೇಲೆ ಕಣ್ಣು. ಗಸಗಸೆ ಹಣ್ಣಿನ ಮರ ಪರದೇಶದ್ದೆಂದು ಮೂಗು ಮುರಿಯುವವರಿದ್ದಾರೆ. ಪುಟ್ಟ ಆವರಣಕ್ಕೆ ನಾನಂತೂ ಅದನ್ನು ಬೇಡವೆನ್ನಲಾರೆ, ಎರಡು ವರ್ಷದಲ್ಲಿ ಬದನಿಕೆ ಹಕ್ಕಿಯಿಂದ ಹಿಡಿದು ಶಾಲೆಯ ಮಕ್ಕಳವರೆಗೆ ಎಲ್ಲರನ್ನೂ ಸೇರಿಸಿಬಿಡುತ್ತದೆ. ಸೂರಕ್ಕಿಗೆ ದಾಸವಾಳ, ರತ್ನಗಂಧಿ ಸಾಕು.

ಗಿಡಕ್ಕಿಂತ ಮುಖ್ಯವಾದದ್ದು ಗಿಡದ ಕೆಳಗಿನ ತರಗೆಲೆ. ಮೆಕ್ಸಿಕನ್ ಹುಲ್ಲಿನ ಹಾಸು ನೋಡಲು ಚೆಂದ, ಹಕ್ಕಿಗೆ ಅಲ್ಲಿ ತಿನ್ನಲು ಏನೂ ಇಲ್ಲ. ಕಾಂಪೌಂಡಿನ ಒಂದು ಮೂಲೆ, ಮರಗಳ ಬುಡ, ಹತ್ತಿಪ್ಪತ್ತು ಅಡಿ ಜಾಗವನ್ನು ಗುಡಿಸದೆ ಬಿಡಿ. ಕೀಟನಾಶಕ ಹೊಡೆಯಬೇಡಿ. ಸುಸ್ತಾಗಿ ಇಳಿದ ನವರಂಗಕ್ಕೆ ತರಗೆಲೆ ಕೆದಕಿ ಹುಳ ಹೆಕ್ಕುವ ಜಾಗ ಸಿಕ್ಕರೆ ಅದು ಚೇತರಿಸಿಕೊಂಡು ಮುಂದಕ್ಕೆ ಹೋದೀತು. ಹರಟೆಮಲ್ಲಗಳ ಗುಂಪು ದಿನವೂ ಬಂದು ಆ ಮೂಲೆಯನ್ನು ತಿರುವಿಹಾಕುವುದನ್ನು ನೀವೇ ನೋಡುತ್ತೀರಿ. ಹಾವು ಬರುತ್ತದೆ ಎಂಬ ಹೆದರಿಕೆಯಿದ್ದರೆ ಮಕ್ಕಳ ಆಟದ ಜಾಗದಿಂದ ದೂರದ ಮೂಲೆ ಆರಿಸಿಕೊಳ್ಳಿ.

ಕೆರೆಯ ಬಗ್ಗೆ ಒಂದು ಮಾತು, ಏಕೆಂದರೆ ಕೆರೆ ಸಮಿತಿಯಲ್ಲಿ ನಿಮ್ಮ ಅಪಾರ್ಟ್‌ಮೆಂಟಿನವರೂ ಇರುತ್ತೀರಿ. ಹೂಳೆತ್ತುವಾಗ ಇಡೀ ಕೆರೆಯನ್ನು ಸಮನಾಗಿ ಆಳ ಮಾಡಿ, ಸುತ್ತ ಕಡಿದಾದ ಏರಿ ಕಟ್ಟಿ, ಅದರ ಮೇಲೆ ವಾಕಿಂಗ್ ಪಾತ್ ಹಾಸುವುದು ನಮ್ಮ ಊರಿನ ರೂಢಿ. ಇದರಿಂದ ನೀರು ಹೆಚ್ಚು ನಿಲ್ಲುತ್ತದೆ, ಮೀನು ಹಿಡಿಯುವ ಹೆಜ್ಜಾರ್ಲೆ, ನೀರುಕಾಗೆಗಳಿಗೆ ಅನುಕೂಲ. ಆದರೆ ಕಾಲು ಮುಳುಗುವಷ್ಟೇ ನೀರಿನಲ್ಲಿ ನಡೆದು ಮೇಯುವ ಗದ್ದೆಗೊರವ, ಮೆಟ್ಟುಗಾಲು ಹಕ್ಕಿಗಳಿಗೆ ನಿಲ್ಲಲು ನೆಲವೇ ಉಳಿಯುವುದಿಲ್ಲ. ನೀರು ಒಳಬರುವ ಕಡೆ ತಟ್ಟೆಯಂತೆ ಆಳವಿಲ್ಲದ ಅಂಚು, ಜೊಂಡಿನ ಒಂದು ಪಟ್ಟಿ, ಮರವಿರುವ ನಡುಗಡ್ಡೆ, ದೀಪವಿಲ್ಲದ ಒಂದು ದಡ, ಇಷ್ಟನ್ನು ಕೇಳಿ ಪಡೆಯಿರಿ.

ಗೂಬೆಗಳನ್ನು ಓಡಿಸಬೇಡಿ. ನೀವು ಹೇಳುವ ಜಾಗ ನೋಡಿದರೆ ಅದು ಕಣಜ ಗೂಬೆ, ಹೃದಯದಾಕಾರದ ಬಿಳಿ ಮುಖದ್ದು. ಅದು ಬಂದಿರುವುದು ಅಪಶಕುನ ನುಡಿಯಲಲ್ಲ, ನಿಮ್ಮ ಕಸದ ಕೋಣೆಯ ಇಲಿಗಳನ್ನು ನೋಡಿ. ಅದರ ಬುಸುಗುಟ್ಟುವಿಕೆ, ಕಿರುಚಾಟ ಕೇಳಿ ಮೇಲಿನ ಮಹಡಿಯವರಿಗೆ ನಿದ್ದೆ ಕೆಡುತ್ತಿರಬಹುದು, ಒಪ್ಪುತ್ತೇನೆ. ಮರಿಗಳು ಹಾರಿಹೋಗುವವರೆಗೆ, ಎಂದರೆ ಎರಡು ಮೂರು ತಿಂಗಳು ಸುಧಾರಿಸಿಕೊಂಡು, ಆಮೇಲೆ ಗೂಡು ಖಾಲಿಯಿದೆ ಎಂದು ಖಚಿತಪಡಿಸಿಕೊಂಡು ಕಂಡಿ ಮುಚ್ಚಬಹುದು. ಮುಚ್ಚುವ ಮೊದಲು ಅಲ್ಲೇ ಟೆರೇಸಿನ ಇನ್ನೊಂದು ತುದಿಯಲ್ಲಿ ದೊಡ್ಡ ಮರದ ಪೆಟ್ಟಿಗೆಯೊಂದನ್ನು ಇಡಿ. ಇಷ್ಟರ ನಡುವೆ ಒಂದು ಕೆಲಸ ಮಾತ್ರ ಮಾಡಕೂಡದು: ಇಲಿ ಪಾಷಾಣ. ಬ್ರೋಮಾಡಿಯೋಲೋನ್ ಬಿಲ್ಲೆ ತಿಂದ ಇಲಿ ಒಡನೆ ಸಾಯುವುದಿಲ್ಲ, ಕೆಲವು ದಿನ ತೂರಾಡುತ್ತ ಬಯಲಲ್ಲೇ ಓಡಾಡುತ್ತದೆ. ಗೂಬೆಗೆ ಸುಲಭವಾಗಿ ಸಿಗುವುದು ಅದೇ ಇಲಿ. ವಿಷ ಇಡೀ ಸಂಸಾರಕ್ಕೆ ಹೋಗುತ್ತದೆ. ಬೋನು ಬಳಸಿ.

ನೀರಿನ ಬಟ್ಟಲು ಇಡಿ, ಅದಕ್ಕೆ ನನ್ನ ಆಕ್ಷೇಪವಿಲ್ಲ. ಮಣ್ಣಿನದು, ಅಗಲವಾದದ್ದು, ಎರಡು ಇಂಚಿಗಿಂತ ಆಳ ಬೇಡ. ದಿನಾ ನೀರು ಚೆಲ್ಲಿ, ಒಳಮೈ ತಿಕ್ಕಿ ತೊಳೆದು ಹೊಸದು ತುಂಬಿಸಿ. ಡೆಂಗೆ ಸೊಳ್ಳೆಯ ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿರುತ್ತದೆ, ಬರೀ ನೀರು ಬದಲಿಸಿದರೆ ಹೋಗುವುದಿಲ್ಲ. ಬೆಕ್ಕು ಅಡಗಿ ಕೂರುವ ಪೊದೆಯಿಂದ ಏಳೆಂಟು ಅಡಿ ದೂರವಿರಲಿ.

ಗೂಡುಪೆಟ್ಟಿಗೆಗಳು ಗುಬ್ಬಚ್ಚಿಗಾಗಿ ಎಂದುಕೊಂಡಿದ್ದೀರಿ ಅಲ್ಲವೇ? ಮೊದಲು ಸುತ್ತಲಿನ ಹಳ್ಳಿಯ ಹಳೆಯ ಬೀದಿಯಲ್ಲಿ, ದಿನಸಿ ಅಂಗಡಿಗಳ ಮುಂದೆ ಗುಬ್ಬಚ್ಚಿ ಇದೆಯೇ ನೋಡಿ ಬನ್ನಿ. ದೇಶದ ಒಟ್ಟು ಲೆಕ್ಕದಲ್ಲಿ ಗುಬ್ಬಚ್ಚಿ ಹೆಚ್ಚುಕಡಿಮೆ ಸ್ಥಿರವಾಗಿದೆ, ದೊಡ್ಡ ನಗರಗಳಲ್ಲಿ ಇಳಿದಿದೆ ಎಂದು 2020ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಹೇಳಿತ್ತು. ಹತ್ತಿರದಲ್ಲಿ ಇಲ್ಲದ ಹಕ್ಕಿ ಪೆಟ್ಟಿಗೆ ನೋಡಿ ಬರುವುದಿಲ್ಲ. ಇದ್ದರೆ ನಾಲ್ಕೈದು ಪೆಟ್ಟಿಗೆ ಸಾಕು: ಬಾಯಿ 32 ಮಿಲಿಮೀಟರ್, ಮುಂದೆ ಕೂರುವ ಕಡ್ಡಿ ಬೇಡ, ಮಧ್ಯಾಹ್ನದ ಬಿಸಿಲು ನೇರ ಬೀಳದ ಸಜ್ಜದ ಅಡಿ, ಆಳೆತ್ತರಕ್ಕೆ ಎರಡರಷ್ಟು ಮೇಲೆ. ಮರಿಗಳಿಗೆ ಮೊದಲ ದಿನಗಳಲ್ಲಿ ಹುಳುಹುಪ್ಪಟೆಯೇ ಆಹಾರ, ಕಾಳಲ್ಲ. ಮೇಲೆ ಹೇಳಿದ ತರಗೆಲೆಯ ಮೂಲೆ ಇಲ್ಲೂ ಕೆಲಸಕ್ಕೆ ಬರುತ್ತದೆ.

ಕೊನೆಗೆ, ಸೆಕ್ಯೂರಿಟಿ ರೂಮಿನಲ್ಲಿ ತೂತು ಮಾಡಿದ ಒಂದೆರಡು ರಟ್ಟಿನ ಡಬ್ಬ ಮತ್ತು ಒಂದು ನೋಟ್‌ಬುಕ್ ಇಡಿ. ಗಾಜಿಗೆ ಬಡಿದು ಬಿದ್ದ ಹಕ್ಕಿಯನ್ನು ಬಟ್ಟೆಯಲ್ಲಿ ಎತ್ತಿ ಡಬ್ಬದೊಳಗೆ ಕತ್ತಲಲ್ಲಿ, ಸದ್ದಿಲ್ಲದ ಕಡೆ ಇಡಬೇಕು. ಬಾಯಿಗೆ ನೀರು ಬಿಡಕೂಡದು, ಶ್ವಾಸನಾಳಕ್ಕೆ ಹೋಗಿ ಸಾಯುತ್ತದೆ. ಗಂಟೆ ಎರಡು ಗಂಟೆಯಲ್ಲಿ ಚುರುಕಾದರೆ ಗಾಜಿನಿಂದ ದೂರ ಒಯ್ದು ಬಿಡಿ, ಇಲ್ಲದಿದ್ದರೆ ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಗೋ ಏವಿಯನ್ ಅಂಡ್ ರೆಪ್ಟೈಲ್ ರಿಹ್ಯಾಬಿಲಿಟೇಷನ್ ಸೆಂಟರಿಗೋ ತಲುಪಿಸಿ. ಪುಕ್ಕ ತುಂಬಿ ನೆಲದಲ್ಲಿ ಕುಪ್ಪಳಿಸುತ್ತಿರುವ ಮರಿಯನ್ನು ಎತ್ತಿ ತರಬೇಡಿ, ತಾಯಿ ಹತ್ತಿರದಲ್ಲೇ ಇರುತ್ತದೆ. ಪುಕ್ಕವಿಲ್ಲದ ಮರಿಯಾದರೆ ಗೂಡಿಗೆ ಮರಳಿಸಿ, ಮನುಷ್ಯ ಮುಟ್ಟಿದ್ದಕ್ಕೆ ಹಕ್ಕಿ ಮರಿಯನ್ನು ಬಿಟ್ಟುಹೋಗುವುದಿಲ್ಲ. ನೋಟ್‌ಬುಕ್ಕಿನಲ್ಲಿ ಹೌಸ್‌ಕೀಪಿಂಗ್‌ನವರು ತಾರೀಖು, ಸಮಯ, ಯಾವ ಗೋಡೆಯ ಯಾವ ಗಾಜು ಎಂದು ಬರೆದು, ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟರೆ ಸಾಕು. ಸೆಪ್ಟೆಂಬರಿನಿಂದ ಮೇವರೆಗಿನ ಒಂದು ಸುತ್ತು ಮುಗಿದ ಮೇಲೆ ಆ ಪುಟಗಳನ್ನು ನನಗೆ ಕಳಿಸಿ. ಉಳಿದ ಹಣದ ಫಿಲ್ಮ್ ಯಾವ ಗಾಜಿಗೆ ಎಂಬುದನ್ನು ಅದನ್ನು ನೋಡಿ ಹೇಳುತ್ತೇನೆ.